ಹೊಟ್ಟೆಯ ಗಡ್ಡೆಗೆ ಎಂಆರ್‌ಐ: ಉಸಿರು ಬಿಡಿಸಿ ಗೆದ್ದದ್ದು

"ಹೊಟ್ಟೆಗೆ ಎಂಆರ್‌ಐ ಯಾಕ್ರೀ ಡಾಕ್ಟ್ರೇ? ಸಿಟಿ ಸ್ಕ್ಯಾನೇ ಸಾಕು, ನಿಮ್ಮ ಚಿತ್ರ ಬರೀ ಅಲುಗಾಟ" ಅಂತ ನಮ್ಮ ಸರ್ಜನ್ ನಗುತ್ತಿದ್ದರು. ಅವರದು ತಪ್ಪಲ್ಲ. ಮೊದಲ ಹತ್ತು ಹನ್ನೆರಡು ಕೇಸಿನಲ್ಲಿ ಉಸಿರಾಟಕ್ಕೆ ಅಲುಗಿ ಅರ್ಧಕ್ಕರ್ಧ ಹಾಳಾಗಿತ್ತು. ನಮ್ಮದು 1.5 ಟೆಸ್ಲಾ ಕಾಂತಶಕ್ತಿಯ ಹಳೇ ಮಷೀನು. ಸೀಕ್ವೆನ್ಸ್, ಅಂದರೆ ಮಷೀನು ಚಿತ್ರ ತೆಗೆಯೋ ಕ್ರಮ, ಅದನ್ನು ತಿದ್ದಿದ್ದೇ ತಿದ್ದಿದ್ದು. ತಿದ್ದಬೇಕಾದದ್ದು ರೋಗಿಯ ಉಸಿರನ್ನು ಅಂತ ಹೊಳೆಯೋ ಹೊತ್ತಿಗೆ ಆರು ತಿಂಗಳು ಕಳೆದಿತ್ತು.

ಉಸಿರು ಎಳೆದು ಹಿಡಿಸಿದರೆ ಲಿವರ್ ಪ್ರತಿ ಸಲ ಬೇರೆ ಜಾಗದಲ್ಲಿ. ಬಿಟ್ಟು ನಿಲ್ಲಿಸಿದರೆ ಹೆಚ್ಚುಕಡಿಮೆ ಒಂದೇ ಕಡೆ. ಆದರೆ ಬಿಟ್ಟ ಉಸಿರನ್ನು 18 ಸೆಕೆಂಡು ತಡೆಯೋದು ಅಜ್ಜಿಯಂದಿರಿಗೆ ಆಗದ ಮಾತು. 11-12ಕ್ಕೆ ಇಳಿಸಿದೆ. ಇಳಿಸೋಕೆ ಏನೇನು ಬಿಟ್ಟುಕೊಟ್ಟೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಳಗೆ ಕರೆಯುವ ಮೊದಲು ಹೊರಗಿನ ಬೆಂಚಿನಲ್ಲೇ ತಾಲೀಮು: "ಬಿಡಿ ಅಜ್ಜಿ, ಪೂರ್ತಿ ಬಿಡಿ, ಹಂಗೇ ಇರಿ."

ದುಡ್ಡಿನ ಕಥೆ ಬೇರೆ. ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ಔಷಧಿ) ಸೇರಿಸಿದರೆ ಒಂಬತ್ತು ಸಾವಿರದ ಹತ್ತಿರ. ಬಸ್ಸಿನಲ್ಲಿ ಬಂದವರು ಕೇಳಿ ಎದ್ದು ಹೋಗುತ್ತಿದ್ದರು. ಟಿ2 (ನೀರು ಬೆಳ್ಳಗೆ ಕಾಣುವುದು), ಇನ್-ಆಪೋಸ್ಡ್ ಫೇಸ್ (ನೀರಿನೊಂದಿಗೆ ಬೆರೆತ ಕೊಬ್ಬಿದ್ದರೆ ಆಪೋಸ್ಡ್‌ನಲ್ಲಿ ಕಪ್ಪಾಗುವುದು), ಫ್ಯಾಟ್-ಸ್ಯಾಟ್ ಟಿ1 (ಕೊಬ್ಬಿನ ಬಿಳುಪು ಅಡಗಿಸಿದ್ದು), ಡಿಫ್ಯೂಷನ್ (ನೀರಿನ ಕಣಗಳ ಓಡಾಟ ತೋರಿಸುವುದು) ಈ ಸೀಕ್ವೆನ್ಸ್‌ಗಳನ್ನಷ್ಟೇ ಇಟ್ಟುಕೊಂಡು ಇಪ್ಪತ್ತು ನಿಮಿಷಕ್ಕೆ ಮುಗಿಸಿ ಐದು ಸಾವಿರ ಮಾಡಿದೆ. ಸಂಶಯ ಬಂದರೆ ಮಾತ್ರ ಕಾಂಟ್ರಾಸ್ಟ್ ಸೂಜಿ. ಮೂರರಲ್ಲಿ ಒಬ್ಬರಿಗೆ ಬೇಕಾಗುತ್ತದೆ ಅನ್ನಿ.

ಸರ್ಜನ್ ಬಾಯಿ ಮುಚ್ಚಿಸಿದ್ದು ಐವತ್ತರ ಆಸುಪಾಸಿನ ಒಬ್ಬ ಹೆಂಗಸಿನ ಕೇಸು. ಹೊಕ್ಕುಳ ದಾಟಿದ ಗಡ್ಡೆ. ಸಿಟಿಯಲ್ಲಿ ಅಂಡಾಶಯದ ಕ್ಯಾನ್ಸರ್ ಅಂದಿದ್ದರು, ಆ ಕ್ಯಾನ್ಸರ್‌ನಲ್ಲಿ ಏರುವ ಸಿಎ-125 ಅನ್ನೋ ರಕ್ತ ಪರೀಕ್ಷೆ ಕೂಡ ಸ್ವಲ್ಪ ಏರಿತ್ತು. ನಮ್ಮ ಟಿ2ನಲ್ಲಿ ಗಡ್ಡೆ ಕಪ್ಪು. ಗರ್ಭಕೋಶಕ್ಕೂ ಅದಕ್ಕೂ ನಡುವೆ ಎರೆಹುಳದ ಹಾಗೆ ಕಪ್ಪು ರಕ್ತನಾಳಗಳು. ಅಂಡಾಶಯ ಎರಡೂ ಪಕ್ಕದಲ್ಲಿ ಆರಾಮಾಗಿ ಕೂತಿದ್ದವು. ಗರ್ಭಕೋಶದಿಂದ ತೊಟ್ಟಿನಲ್ಲಿ ಜೋತ ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಸ್ನಾಯುಗಡ್ಡೆ) ಅಂತ ಬರೆದೆ. ತೆಗೆದಾಗ ಎರಡೂವರೆ ಕಿಲೋ ಇತ್ತಂತೆ, ಬಯಾಪ್ಸಿಯಲ್ಲೂ ಅದೇ. ಈಗ ಸರ್ಜನ್ ತಾವೇ ಫೋನ್ ಮಾಡುತ್ತಾರೆ.

ಎಡವಿದ್ದೂ ಉಂಟು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಗಡ್ಡೆಯೊಂದು ಆಪೋಸ್ಡ್ ಫೇಸ್‌ನಲ್ಲಿ ಚೆನ್ನಾಗಿ ಕಪ್ಪಾಯಿತು ಅಂತ ಅಡಿನೋಮಾ (ಕೊಬ್ಬಿರುವ, ಕ್ಯಾನ್ಸರ್ ಅಲ್ಲದ ಗಡ್ಡೆ) ಎಂದು ಬರೆದುಬಿಟ್ಟೆ. ಮೂತ್ರಪಿಂಡದ ಕ್ಲಿಯರ್ ಸೆಲ್ ಕ್ಯಾನ್ಸರ್ ಅಲ್ಲಿಗೆ ಹರಡಿತ್ತು, ಅದರಲ್ಲೂ ಕೊಬ್ಬಿರುತ್ತದೆ. ಹಳೇ ಆಪರೇಷನ್ ಚೀಟಿ ಕೇಳಿದ್ದರೆ ಮುಗಿಯುತ್ತಿತ್ತು.

ನಡುವೆ ಅನಾನಸ್ ಹುಚ್ಚೂ ಹಿಡಿದಿತ್ತು. ಅದರ ರಸ ಕುಡಿಸಿದರೆ ಮ್ಯಾಂಗನೀಸ್‌ನಿಂದ ಟಿ2ನಲ್ಲಿ ಜಠರದ ನೀರು ಕಪ್ಪಾಗಿ ಪಿತ್ತನಾಳ ಎದ್ದು ಕಾಣುತ್ತದಲ್ಲ, ಬನವಾಸಿ ಹಣ್ಣು ತರಿಸಿ ಹಿಂಡಿಸಿದೆ. ಒಬ್ಬರಿಗೆ ಕಪ್ಪು, ಇನ್ನೊಬ್ಬರಿಗೆ ಬೆಳ್ಳಗೆ. ಒಂದೊಂದು ಹಣ್ಣಿನದು ಒಂದೊಂದು ಲೆಕ್ಕ. ಕೊನೆಗೆ ಪ್ಯಾಕೆಟ್ ರಸಕ್ಕೇ ಬಂದೆ. ಉಳಿದ ಹಣ್ಣನ್ನು ಟೆಕ್ನಿಷಿಯನ್‌ಗಳು ಖಾರದಪುಡಿ ಹಚ್ಚಿ ಖಾಲಿ ಮಾಡಿದರು.