ಬೀದಿನಾಯಿಯ ಬಾಣಂತನ: ಮೊದಲು ಬೆಚ್ಚಗೆ, ಆಮೇಲೆ ಹಾಲು

‘ಅಕ್ಕಾರ, ಕುನ್ನಿ ಹಾಲು ಕುಡಿವಲ್ದು. ಹಾಕಿದ್ದೆಲ್ಲಾ ಮೂಗಿನ್ಯಾಗಿಂದ ಹೊರಗ ಬರ್ಲಾಕತ್ತದ.’

ವಿಜಯಪುರದಲ್ಲಿ ಚಳಿ ಹತ್ತುತ್ತಿದ್ದಂತೆ ಇಂಥ ಫೋನು ಶುರುವಾಗುತ್ತವೆ. ನಮ್ಮ ಕಡೆ ಬೀದಿನಾಯಿಗಳು ಹೆಚ್ಚಾಗಿ ಮರಿ ಹಾಕುವುದೇ ಆ ದಿನಗಳಲ್ಲಿ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ‘ಅದರ ಬಾಯೊಳಗ ಬೆರಳಿಟ್ಟು ನೋಡ್ರಿ, ತಣ್ಣಗದ ಏನು?’ ಹೆಚ್ಚಿನ ಸಲ ತಣ್ಣಗೇ ಇರುತ್ತದೆ. ಕರುಣೆಯಿಂದ ಕುಡಿಸಿದ ಹಾಲೇ ಅದಕ್ಕೆ ಮುಳುವಾಗಿರುತ್ತದೆ. ಹೀಗೆ ಹೇಳುವ ನಾನೂ ಮೊದಲ ವರ್ಷ ಎರಡು ಮರಿಗಳನ್ನು ಇದೇ ರೀತಿ ಕಳೆದುಕೊಂಡವಳೇ. ಆದ್ದರಿಂದ ಉಳಿದ ಹಂತಗಳನ್ನು ಓಡಿಸಿಕೊಂಡು ಹೋಗುತ್ತೇನೆ, ಹಾಲಿಗಿಂತ ಮೊದಲು ಮರಿಯನ್ನು ಬೆಚ್ಚಗಾಗಿಸುವ ಆ ಒಂದು ಹಂತದಲ್ಲಿ ಮಾತ್ರ ನಿಲ್ಲುತ್ತೇನೆ.

ತರುವ ಮುನ್ನ

ಗಬ್ಬದ ನಾಯಿ ಕಂಡ ಕೂಡಲೇ ಎತ್ತಿಕೊಂಡು ಬರಬೇಡಿ. ಓಣಿಯಲ್ಲಿ ರೊಟ್ಟಿ ಹಾಕುವವರಿದ್ದು, ಮಲಗಲು ಒಣ ಜಾಗವಿದ್ದರೆ ಅದು ಅಲ್ಲೇ ಆರಾಮಾಗಿ ಮರಿ ಹಾಕುತ್ತದೆ. ಗಾಡಿ ಬಡಿದು ಕುಂಟುತ್ತಿದ್ದರೆ, ಮೈತುಂಬ ಕಜ್ಜಿಯಾಗಿದ್ದರೆ, ಗಟಾರದ ಪೈಪಿನೊಳಗೆ ಜಾಗ ಹಿಡಿದಿದ್ದರೆ ತನ್ನಿ. ತರುವಾಗ ಓಣಿಯವರಿಗೆ ಹೇಳಿಯೇ ತನ್ನಿ. ಇಲ್ಲದಿದ್ದರೆ ‘ನಮ್ಮ ನಾಯಿ ಎಲ್ಲೋತು’ ಎಂದು ನಿಮ್ಮ ಬಾಗಿಲಿಗೇ ಬರುತ್ತಾರೆ.

ನಾಯಿಯ ಗರ್ಭ ಸುಮಾರು 63 ದಿನ. 55 ದಿನ ದಾಟಿದ ಮೇಲೆ ಎಕ್ಸ್‌ರೇ ತೆಗೆಸಿದರೆ ಮರಿಗಳ ತಲೆ, ಬೆನ್ನೆಲುಬು ಎಣಿಸಿ ಹೇಳುತ್ತಾರೆ. ಆ ಖರ್ಚನ್ನು ಮಾತ್ರ ಉಳಿಸಲು ಹೋಗಬೇಡಿ. ಎಷ್ಟಿವೆ ಎಂದು ಗೊತ್ತಿದ್ದರೆ ರಾತ್ರಿ ಎರಡು ಗಂಟೆಗೆ ‘ಮುಗೀತೋ, ಇನ್ನೂ ಅದಾವೋ’ ಎಂಬ ಗೊಂದಲ ಇರುವುದಿಲ್ಲ. ಜಂತಿನ ಔಷಧ, ರೇಬಿಸ್ ಲಸಿಕೆ ಯಾವಾಗ ಎಂಬುದನ್ನು ವೈದ್ಯರಿಗೇ ಬಿಡಿ. ಮೈಮೇಲೆ ಉಣ್ಣೆಹುಳ ಕಂಡವೆಂದು ಎಮ್ಮೆಗೆ ಹಚ್ಚುವ ಔಷಧ ತಂದು ಸವರುವವರಿದ್ದಾರೆ. ಅದು ಹೊಟ್ಟೆಯಲ್ಲಿರುವ ಮರಿಗಳಿಗೂ ಅಪಾಯ. ಚಿಮಟದಿಂದ ಹೆಕ್ಕಿ ಸಾಬೂನು ನೀರಿಗೆ ಹಾಕಿ, ಕೈ ತೊಳೆದುಕೊಳ್ಳಿ. ಮನೆಯಲ್ಲಿ ಸಾಕಿದ ನಾಯಿ ಇದ್ದರೆ ಇದನ್ನು ಬೇರೆಯೇ ಇಡಿ.

ಅದು ನಿಮ್ಮನ್ನು ಕಚ್ಚಿದರೆ ಅಥವಾ ಪರಚಿದರೆ ಅರಿಶಿನ, ಸುಣ್ಣ ಎಂದು ಕೂರದೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಅವತ್ತೇ ದವಾಖಾನೆಗೆ ಹೋಗಿ.

ಪೆಟ್ಟಿಗೆ

ತಾಯಿ ಕೈಕಾಲು ಚಾಚಿ ಮಲಗುವಷ್ಟು ದೊಡ್ಡದು, ಮರಿ ದಾಟದಷ್ಟು ಎತ್ತರದ ಗೋಡೆ. ಹಳೆಯ ಪ್ಲೈವುಡ್ ಸಾಕು. ಒಳಗೋಡೆಯ ಸುತ್ತ, ನೆಲದಿಂದ ನಾಲ್ಕು ಇಂಚು ಮೇಲೆ, ಗೋಡೆಯಿಂದ ನಾಲ್ಕು ಇಂಚು ಬಿಟ್ಟು ಒಂದು ಪೈಪು ಕಟ್ಟಿ. ತಾಯಿ ಗೋಡೆಗೆ ಒರಗಿದಾಗ ಹಿಂದೆ ಸಿಕ್ಕ ಮರಿ ಅಪ್ಪಚ್ಚಿಯಾಗದೆ ಪೈಪಿನ ಕೆಳಗೆ ಉಳಿಯುತ್ತದೆ. ನಳದ ಕೆಲಸದವರ ಹತ್ತಿರ ತುಂಡು ಪೈಪು ಬೇಕಾದಷ್ಟು ಬಿದ್ದಿರುತ್ತವೆ.

ಹಾಸಿಗೆಗೆ ಕೌದಿ ಬೇಡ. ಎಲ್ಲರೂ ಪ್ರೀತಿಯಿಂದ ತಂದುಕೊಡುವುದು ಅದನ್ನೇ. ಅದರ ಹೊಲಿಗೆ ಸಡಿಲಾದಲ್ಲಿ ಮರಿಯ ಕಾಲು ಸಿಕ್ಕಿಕೊಳ್ಳುತ್ತದೆ, ಮಡಿಕೆಯೊಳಗೆ ಮರಿ ನುಸುಳುತ್ತದೆ, ಮೇಲೆ ತಾಯಿ ಬಂದು ಕೂಡುತ್ತದೆ. ಬರೀ ರದ್ದಿ ಪೇಪರ್ ಹಾಸಿದರೆ ಜಾರುತ್ತದೆ. ಒತ್ತಿ ನಿಲ್ಲಲು ಆಸರೆ ಸಿಗದೆ ಮರಿಯ ಕಾಲು ಅಗಲಕ್ಕೆ ಹೋಗುತ್ತವೆ. ಕೆಳಗೆ ರದ್ದಿ, ಮೇಲೆ ಹಳೆಯ ಧೋತರ. ಅಂಚನ್ನು ಹಲಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿ. ಹಳೆಯ ಧೋತರಕ್ಕೆ ಸರಿಸಾಟಿ ಯಾವ ಅಂಗಡಿಯಲ್ಲೂ ಇಲ್ಲ.

ಬ್ಯಾನಿ

ಮೈ ಶಾಖ 99 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ಊಟ ಬಿಡುತ್ತದೆ, ಏದುಸಿರು ಬಿಡುತ್ತದೆ, ಹಾಸಿಗೆ ಕೆರೆಯುತ್ತದೆ. ಆಮೇಲಿನದ್ದನ್ನು ಅದೇ ಮಾಡಿಕೊಳ್ಳುತ್ತದೆ. ನೀವು ದೂರ ಕೂತು ಗಡಿಯಾರ ನೋಡಿ. ಓಣಿಯ ಮಕ್ಕಳನ್ನು ಕರೆದು ತೋರಿಸುವ ಹೊತ್ತು ಇದಲ್ಲ.

ವೈದ್ಯರನ್ನು ಕರೆಯಬೇಕಾದ್ದು ಯಾವಾಗ ಎಂದರೆ: ಜೋರಾಗಿ ಮುಕ್ಕಿದರೂ ಅರ್ಧ ಗಂಟೆಯಲ್ಲಿ ಮರಿ ಬರದಿದ್ದಾಗ, ಒಳಗೆ ಇನ್ನೂ ಮರಿಗಳಿದ್ದು ಎರಡು ಗಂಟೆ ಸುಮ್ಮನಾದಾಗ, ಮೊದಲ ಮರಿಗೂ ಮುಂಚೆ ಹಸಿರು ಸ್ರಾವ ಕಂಡಾಗ.

ತಾಯಿ ಚೀಲ ಹರಿಯದಿದ್ದರೆ ಮಾತ್ರ ನೀವು ಹರಿದು, ಮೂಗು ಬಾಯಿ ಒರೆಸಿ, ಒಣ ಟವೆಲ್‌ನಿಂದ ಬೆನ್ನು ಉಜ್ಜಿ, ಅದು ಕುಂಯ್‌ಗುಡುವ ತನಕ. ಕಾಲು ಹಿಡಿದು ಗರಗರ ಬೀಸುವ ಪದ್ಧತಿ ಬೇಡ, ಮಿದುಳಿಗೆ ಪೆಟ್ಟಾಗುತ್ತದೆ. ಹೊಕ್ಕುಳಬಳ್ಳಿಯನ್ನು ಹೊಟ್ಟೆಯಿಂದ ಒಂದಿಂಚು ಬಿಟ್ಟು ದಾರ ಕಟ್ಟಿ, ಆಚೆಗೆ ಕತ್ತರಿಸಿ, ತುದಿಗೆ ಪೊವಿಡೋನ್ ಅಯೋಡಿನ್ ಹಚ್ಚಿ. ಪ್ರತಿ ಮರಿಗೊಂದು ಮಾಸು ಬಿತ್ತೇ ಎಂದು ಎಣಿಸಿಕೊಳ್ಳಿ.

ಮೊದಲ ಐದು ದಿನ

ಕೂಸು ಹುಟ್ಟಿದ ಐದನೇ ದಿನ ಸಟವಿ ದೇವಿ ಬಂದು ಹಣೆಬರಹ ಬರೆಯುತ್ತಾಳೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಕುನ್ನಿಗಳ ವಿಷಯದಲ್ಲಿ ಆ ಬರಹದ ಬಹುಭಾಗ ನಮ್ಮ ಕೈಯಲ್ಲಿರುತ್ತದೆ.

ಹುಟ್ಟಿದ ಮರಿಗೆ ನಡುಗಲೂ ಬರುವುದಿಲ್ಲ. ನಡುಗಿ ಮೈ ಕಾಯಿಸಿಕೊಳ್ಳುವ ಶಕ್ತಿ ಮೊದಲ ವಾರ ಅದಕ್ಕಿಲ್ಲ. ಹೊರಗಿನ ಶಾಖ ಎಷ್ಟೋ ಅದರ ಮೈ ಅಷ್ಟು. ಮೊದಲ ವಾರದಲ್ಲಿ ಅದರ ಸಹಜ ಶಾಖ 95ರಿಂದ 99 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮಗಿಂತ ತುಸು ಕಡಿಮೆಯೇ. 95ಕ್ಕಿಂತ ಕೆಳಗಿಳಿದರೆ ಕರುಳು ನಿಧಾನವಾಗುತ್ತದೆ, ಇನ್ನೂ ಇಳಿದರೆ ನಿಂತೇಬಿಡುತ್ತದೆ. ಆಗ ಹಾಲು ಹಾಕಿದರೆ ಅದು ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ನುಂಗುವ ಬಲವೂ ಇರುವುದಿಲ್ಲ, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಗಿನಿಂದ ಹಾಲು ಬಂತು ಎನ್ನುವುದು ಇದನ್ನೇ.

ತಣ್ಣಗಾದ ಮರಿ ಮೊದಲು ಅಳುತ್ತದೆ. ಆಮೇಲೆ ಸುಮ್ಮನಾಗುತ್ತದೆ. ‘ಈಗ ಮಲಕೊಂತು’ ಎಂದು ಮನೆಯವರು ನಿರಾಳವಾಗುವುದು ಆಗಲೇ. ತಾಯಿಯೂ ಅದನ್ನು ಮೂಗಿನಿಂದ ಬದಿಗೆ ಸರಿಸುತ್ತದೆ. ಗುಂಪು ಬಿಟ್ಟು ಮೂಲೆಯಲ್ಲಿ ಒಂದೇ ಬಿದ್ದ ಮರಿ ಕಂಡರೆ ಎತ್ತಿಕೊಳ್ಳಿ. ಕಿರುಬೆರಳು ಬಾಯಿಗಿಟ್ಟು ನೋಡಿ: ಬೆಚ್ಚಗಿದ್ದು ಚೀಪಿದರೆ ಸರಿ. ತಣ್ಣಗಿದ್ದು, ನಾಲಿಗೆ ಸಡಿಲಾಗಿದ್ದರೆ ಹಾಲಿನ ಬಟ್ಟಲನ್ನು ಅಡುಗೆಮನೆಗೆ ಹಿಂದಿರುಗಿಸಿ.

ಮರಿಯನ್ನು ಕುಪ್ಪಸದೊಳಗೆ, ಗಂಡಸರಾದರೆ ಬನಿಯನ್ ಒಳಗೆ, ಎದೆಗೆ ಹತ್ತುವಂತೆ ಇಟ್ಟುಕೊಳ್ಳಿ. ಮೇಲೆ ಶಾಲು ಹೊದ್ದು ಕೂಡಿ. ಒಂದು ಗಂಟೆ ಹಿಡಿಯಬಹುದು, ಮೂರು ಗಂಟೆಯೂ ಹಿಡಿಯಬಹುದು. ಬಿಸಿನೀರಿನಲ್ಲಿ ಅದ್ದುವುದು, ಹೇರ್ ಡ್ರೈಯರ್ ಹಿಡಿಯುವುದು, ಒಲೆಯ ಮುಂದೆ ಹಿಡಿಯುವುದು ಯಾವುದೂ ಬೇಡ. ಚರ್ಮ ಒಮ್ಮೆಲೇ ಕಾದರೆ ಒಳಗಿನ ಅಂಗಗಳು ಅದಕ್ಕೆ ತಾಳುವುದಿಲ್ಲ. ನಡುವೆ ಗ್ಲೂಕೋಸ್ ನೀರಿನ ಒಂದು ಹನಿಯನ್ನು ಬೆರಳಿನಿಂದ ಒಸಡಿಗೆ ಸವರಬಹುದು, ಅಷ್ಟೇ. ಹೋದ ವರ್ಷ ಪುಷ್ಯ ಮಾಸದಲ್ಲಿ ಬೆಳಗಿನ ನಾಲ್ಕಕ್ಕೆ ಒಂದು ಮರಿ ಹೀಗೆ ನನ್ನ ಎದೆಯ ಮೇಲಿತ್ತು. ಹಸಿ ಬಟ್ಟೆಯ ಉಂಡೆ ಇಟ್ಟಂತೆ. ಐದೂವರೆಗೆ ಹಿಂಗಾಲಿನ ಉಗುರು ಒಮ್ಮೆ ಚುಚ್ಚಿತು, ಸೂಜಿಮೊನೆಯಷ್ಟು. ಆರಕ್ಕೆ ಕುಪ್ಪಸದ ಗುಂಡಿಯನ್ನೇ ಚೀಪಲು ಶುರುಮಾಡಿತು. ಆಗ ಒಯ್ದು ತಾಯಿಯ ಹಿಂದಿನ ಮೊಲೆಗೆ ಹಚ್ಚಿದೆ; ಹಾಲು ಹೆಚ್ಚಿರುವುದು ಅಲ್ಲೇ. ಗಟ್ಟಿ ಮರಿಗಳು ಆ ಜಾಗ ಹಿಡಿದು ಬಿಡುವುದಿಲ್ಲ, ಅವನ್ನು ಹತ್ತು ನಿಮಿಷ ಬುಟ್ಟಿಗೆ ಹಾಕಿ.

ಮರಿ ತಣ್ಣಗಾಗದಂತೆ ನೋಡಿಕೊಳ್ಳುವುದು ಇದಕ್ಕಿಂತ ಸುಲಭ. ಮೊದಲ ವಾರ ಮರಿಗಳ ಮಟ್ಟದಲ್ಲಿ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಲಿ. ಪೆಟ್ಟಿಗೆಯ ಒಂದೇ ಮೂಲೆಗೆ ಶಾಖ ಕೊಡಿ, ಸೆಕೆಯಾದರೆ ಮರಿ ತೆವಳಿ ಆಚೆ ಹೋಗಲಿ. ಬಲ್ಬ್ ತೂಗುಹಾಕಿದ್ದೇವೆ ಎಂದು ಬಹಳ ಜನ ಹೇಳುತ್ತಾರೆ, ಹೋಗಿ ನೋಡಿದರೆ ಎಲ್‌ಇಡಿ! ಅದರಿಂದ ಮರಿಗಳಿಗೆ ಪುಸ್ತಕ ಓದಲು ಅನುಕೂಲ. ಬೇಕಾದ್ದು ತಂತಿ ಕಾಯುವ ಹಳೆಯ 60 ವ್ಯಾಟ್ ಬಲ್ಬ್; ಕೋಳಿ ಫಾರ್ಮಿನ ಸಾಮಾನು ಮಾರುವಲ್ಲಿ ಇನ್ನೂ ಸಿಗುತ್ತದೆ. ತಾಯಿ ಎದ್ದು ನಿಂತರೂ ತಲೆಗೆ ತಾಕದ ಎತ್ತರಕ್ಕೆ ಕಟ್ಟಿ. ಕರೆಂಟ್ ಹೋದರೆ ಬಿಸಿನೀರು ತುಂಬಿದ ಬಾಟಲಿಗೆ ಕಾಲುಚೀಲ ತೊಡಿಸಿ ಪಕ್ಕದಲ್ಲಿಡಿ, ತಣ್ಣಗಾದ ಕೂಡಲೇ ತೆಗೆಯಿರಿ. ಆರಿದ ಬಾಟಲಿ ಮರಿಯ ಶಾಖವನ್ನೇ ಎಳೆಯುತ್ತದೆ.

ಶೇಗಡಿ ಬೇಡ. ಬಾಣಂತಿಗೆ ಕಾಸುವುದು ನಮ್ಮಲ್ಲಿ ರೂಢಿ, ಗೊತ್ತು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಬರುವ ವಿಷಗಾಳಿಗೆ ವಾಸನೆಯೂ ಇಲ್ಲ.

ಮರಿ ಹುಟ್ಟಿದ್ದು ಏಪ್ರಿಲ್‌ನಲ್ಲಿ ಆದರೆ ಮೇಲಿನದ್ದೆಲ್ಲ ತಿರುವುಮುರುವು. ನಮ್ಮೂರ ಬಿಸಿಲು 40 ದಾಟಿದಾಗ ತಗಡಿನ ಕೆಳಗಿನ ಪೆಟ್ಟಿಗೆ ಕಾದ ಹಂಚು. ಮರಿಗಳು ಒಂದಕ್ಕೊಂದು ದೂರ ಮಲಗಿ ಕೂಗುತ್ತಿದ್ದರೆ ಸೆಕೆ, ಒಂದರ ಮೇಲೊಂದು ಗುಪ್ಪೆ ಬಿದ್ದು ಕೂಗುತ್ತಿದ್ದರೆ ಚಳಿ.

ಹುಟ್ಟಿದ ಹನ್ನೆರಡು ಗಂಟೆಯೊಳಗೆ ಪ್ರತಿ ಮರಿಯ ಹೊಟ್ಟೆಗೂ ಗಿಣ್ಣದ ಹಾಲು ಹೋಗಿರಬೇಕು. ರೋಗ ತಡೆಯುವ ಶಕ್ತಿ ಅದರಲ್ಲಿದೆ. ಒಂದು ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಎಂಟು-ಹತ್ತು ದಿನಕ್ಕೆ ಹುಟ್ಟಿದ ತೂಕದ ಎರಡರಷ್ಟಾಗಬೇಕು. ಒಂದು ದಿನ ಏರದಿದ್ದರೆ ಕಣ್ಣಿಡಿ, ಇಳಿದರೆ ದವಾಖಾನೆ.

ತಾಯಿಗೆ ಹಾಲು ಸಾಲದಿದ್ದರೆ ಮಾತ್ರ ಮೇಲುಹಾಲು. ಆಕಳ ಹಾಲು ಅಲ್ಲ. ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಅದರ ದುಪ್ಪಟ್ಟು, ಸಕ್ಕರೆ ಅಂಶ ಕಡಿಮೆ. ಆಕಳ ಹಾಲಿಗೆ ಮರಿ ಭೇದಿ ಹಚ್ಚಿಕೊಳ್ಳುತ್ತದೆ. ನಾಯಿಮರಿಗೆಂದೇ ಇರುವ ಪುಡಿ ತನ್ನಿ, ತಾರೀಖು ನೋಡಿ ತನ್ನಿ. ಒಂದು ಅಂಗಡಿಯಲ್ಲಿ ನನಗೆ ಅವಧಿ ಮುಗಿದು ಏಳು ತಿಂಗಳಾದ ಡಬ್ಬಿ ಕೊಟ್ಟಿದ್ದರು, ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಿ. ಕುಡಿಸುವಾಗ ಮರಿ ತಾಯಿಯ ಬಳಿ ಇರುವಂತೆಯೇ ಹೊಟ್ಟೆ ಕೆಳಗಾಗಿ ಇರಲಿ. ಕೂಸಿನ ಹಾಗೆ ಅಂಗಾತ ಮಲಗಿಸಿ ಒಳಲೆಯಲ್ಲಿ ಹೊಯ್ಯುವುದು ನಾನು ಕಂಡ ತಪ್ಪುಗಳಲ್ಲೆಲ್ಲ ದೊಡ್ಡದು. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಒರೆಸಿ. ಒರೆಸದೆ ಅವು ಉಚ್ಚೆ ಹೊಯ್ಯುವುದಿಲ್ಲ. ತಾಯಿ ನೆಕ್ಕುವುದು ಅದಕ್ಕೇ.

ಬಾಣಂತಿಯ ಊಟ

ಪಕ್ಕದ ಮನೆಯ ಆಯಿ ಒಂದು ಸಂಜೆ ಡಬ್ಬಿ ಹಿಡಿದು ಬಂದರು. ‘ಯವ್ವಾ, ಬಾಣಂತಿ ಅಂದಮ್ಯಾಲ ಬಾಣಂತಿನ. ಎರಡು ಅಂಟಿನುಂಡಿ ಹಾಕು, ನಡ ಗಟ್ಟಿ ಆಗ್ತದ.’ ಉಂಡಿಯ ತುಂಬ ಒಣದ್ರಾಕ್ಷಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ. ತಿಕೋಟಾ ಕಡೆಯಿಂದ ಮನೆಮನೆಗೆ ಚೀಲಗಟ್ಟಲೆ ಬರುವ ನಮ್ಮ ಜಿಲ್ಲೆಯಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಉಂಡಿಯನ್ನು ನಾನೇ ತಿಂದೆ.

ಅನ್ನ, ಬೇಯಿಸಿದ ಕೋಳಿ, ತತ್ತಿ ಇವು ಸಾಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೇಡ. ಹಾಲುಣಿಸುವಾಗ ಮೊದಲಿನ ಎರಡು-ಮೂರು ಪಟ್ಟು ತಿನ್ನುತ್ತದೆ, ನಾಲ್ಕು ಹೊತ್ತು ಹಾಕಿ. ನೀರು ಸದಾ ಇರಲಿ.

ಗಬ್ಬದಲ್ಲಿದ್ದಾಗ ಕ್ಯಾಲ್ಸಿಯಂ ಟಾನಿಕ್ ಹಾಕಬೇಡಿ. ಹೊರಗಿನಿಂದ ಸಿಕ್ಕಿತೆಂದು ಮೈ ತನ್ನ ಎಲುಬಿನಿಂದ ತೆಗೆದುಕೊಳ್ಳುವುದನ್ನು ಮರೆಯುತ್ತದೆ. ಹಾಲು ಜೋರಾಗಿರುವ ಎರಡನೇ ವಾರದಿಂದ ನಾಲ್ಕನೇ ವಾರದಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು. ಸುಮ್ಮನೆ ಏದುಸಿರು ಬಿಡುತ್ತ ತಿರುಗುವುದು, ಕಾಲು ಸೆಟೆದು ನಡೆಯುವುದು, ಮೈ ಅದುರುವುದು ಕಂಡರೆ ಮರಿಗಳನ್ನು ಬಿಡಿಸಿ ಆ ಕ್ಷಣವೇ ದವಾಖಾನೆಗೆ ಒಯ್ಯಿರಿ. ರಕ್ತನಾಳಕ್ಕೆ ಔಷಧ ಕೊಡಲೇಬೇಕು, ಬೆಳಗಿನ ತನಕ ಕಾದರೆ ಜೀವ ಹೋಗುತ್ತದೆ.

ಎರಡನೇ ವಾರದಿಂದ

ಹತ್ತರಿಂದ ಹದಿನಾಲ್ಕು ದಿನಕ್ಕೆ ತಾವೇ ಕಣ್ಣು ಬಿಡುತ್ತವೆ, ಬಿಡಿಸಲು ಹೋಗಬೇಡಿ. ಜಂತಿನ ಔಷಧ 2, 4, 6, 8ನೇ ವಾರಕ್ಕೆ, ತೂಕ ನೋಡಿ. ಜಂತು ತಾಯಿಯಿಂದಲೇ ಬಂದಿರುತ್ತದೆ. ನಾಲ್ಕನೇ ವಾರದಿಂದ ತೆಳ್ಳಗೆ ಕಿವುಚಿದ ಅನ್ನ-ಕೋಳಿ. ಆರರಿಂದ ಎಂಟು ವಾರದ ನಡುವೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬಿಸ್. ಲಸಿಕೆ ಮುಗಿಯುವವರೆಗೆ ಬೀದಿಗೆ ಬಿಡಬೇಡಿ. ಮರಿಗಳಿಗೆ ಮಾರಕ ಭೇದಿ ತರುವ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಫಿನಾಯಿಲ್ ವಾಸನೆಗೆ ಅದು ಹೆದರುವುದಿಲ್ಲ. ಒಂದು ಪಾಲು ಬ್ಲೀಚ್‌ಗೆ 30 ಪಾಲು ನೀರು ಹಾಕಿ ನೆಲ ತೊಳೆಯಿರಿ, ಹತ್ತು ನಿಮಿಷ ಬಿಟ್ಟು ನೀರು ಹಾಕಿ.

ಕೊಡುವುದು, ಬಿಡುವುದು

ಎಂಟು ವಾರಕ್ಕೆ ಮುಂಚೆ ಮರಿ ಕೊಡಬೇಡಿ. ಕೇಳಲು ಬರುವವರು ‘ಮುಧೋಳ ತಳಿ ಏನ್ರಿ?’ ಎನ್ನುತ್ತಾರೆ, ಕಾಲು ಉದ್ದ ಕಂಡರೆ ಸಾಕು. ಹೌದೆಂದು ಹೇಳಿ ದಾಟಿಸುವ ಆಸೆಯಾಗುತ್ತದೆ, ಹೇಳಬೇಡಿ. ಆರು ತಿಂಗಳಿಗೆ ಮೋಸ ಬಯಲಾಗಿ ನಾಯಿ ಬೀದಿಗೆ ಬೀಳುತ್ತದೆ. ನಾನಂತೂ ಮನೆ ನೋಡದೆ ಮರಿ ಕೊಡುವುದಿಲ್ಲ. ಹೊಲ ಕಾಯಲು ಬೇಕು ಎಂದು ಹಗ್ಗ ಹಿಡಿದೇ ಬಂದವರಿಗೆ ಚಹಾ ಕೊಟ್ಟು ಕಳಿಸುತ್ತೇನೆ.

ಮರಿಗಳು ಹಾಲು ಬಿಟ್ಟು, ತಾಯಿಯ ಮೊಲೆ ಒಣಗಿದ ಮೇಲೆ ಅದರ ಆಪರೇಷನ್ ಮಾಡಿಸಿ. ತಡಮಾಡಿದರೆ ಸುಮಾರು ಆರು ತಿಂಗಳಿಗೊಮ್ಮೆ ಮತ್ತೆ ಬೆದೆ. ಆಮೇಲೆ ತಂದ ಓಣಿಗೇ ಬಿಡಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುವುದೂ ಅದನ್ನೇ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದ ಆವರಣದಿಂದ ತಂದದ್ದಾದರೆ ಮಾತ್ರ 2025ರ ನವೆಂಬರ್‌ನ ಸುಪ್ರೀಂ ಕೋರ್ಟ್ ಆದೇಶದಂತೆ ಮರಳಿ ಅಲ್ಲಿಗೇ ಬಿಡುವಂತಿಲ್ಲ, ನಗರಸಭೆ ಅಥವಾ ಪಾಲಿಕೆಯವರನ್ನು ಮೊದಲೇ ಕೇಳಿಕೊಳ್ಳಿ.

ಪೆಟ್ಟಿಗೆಗೆ ಬ್ಲೀಚ್ ಹಚ್ಚಿ ತೊಳೆದು ಮಾಳಿಗೆಯ ಬಿಸಿಲಿಗೆ ಒಣಹಾಕಿ. ಧೋತರ ಸುಟ್ಟುಬಿಡಿ, ಬಲ್ಬನ್ನು ಮಾತ್ರ ಜೋಪಾನ ಮಾಡಿ.