ಗುಜರಿ ಡ್ರಮ್ಮಿನಲ್ಲಿ ಉಸಿರು ಅಳೆದೆ

"ಗೋಬರ್ ಗ್ಯಾಸ್ ಡ್ರಮ್ಮಲ್ಲಿ ಉಸಿರು ಅಳೀತೀಯೇನಪ್ಪ?" ಅಂತ ನಮ್ಮ ಸೈಕಲ್ ಗುಂಪು ನಗುತ್ತಿತ್ತು. ಸೈಕಲ್ ತುಳಿಯುವಾಗ ಬಿಟ್ಟ ಉಸಿರನ್ನು ಡ್ರಮ್ಮಲ್ಲಿ ಹಿಡಿದು, ದೇಹ ಎಷ್ಟು ಆಕ್ಸಿಜನ್ ಬಳಸಿತು ಅಂತ ನೋಡಿ ದಕ್ಷತೆ, ಅಂದರೆ ದೇಹ ಖರ್ಚು ಮಾಡಿದ ಶಕ್ತಿಯಲ್ಲಿ ಪೆಡಲಿನ ಕೆಲಸವಾದ ಪಾಲು, ಲೆಕ್ಕ ಹಾಕುವುದು ನನ್ನ ಹುಚ್ಚು. ಈಗ ಮೂರು ದಿನ ಬೇರೆ ಬೇರೆಯಾಗಿ ಅಳೆದರೂ ನನ್ನ ದಕ್ಷತೆ ಶೇ. 20ರ ಆಸುಪಾಸಿನಲ್ಲೇ ನಿಂತಿದೆ. ನಕ್ಕವರಲ್ಲಿ ಇಬ್ಬರು ತಮ್ಮದೂ ಅಳೆದುಕೊಡು ಅಂತ ಬಂದಿದ್ದಾರೆ.

ಡ್ರಮ್ ಮಂಡಿ ಮೊಹಲ್ಲಾದ ಗುಜರಿಯದು, 200 ಲೀಟರ್. ಒಂದು ಕಡೆ ಮುಚ್ಚಳ ಕತ್ತರಿಸಿ ನೀರಿನ ತೊಟ್ಟಿಯಲ್ಲಿ ಬೋರಲು ಹಾಕಿ, ರಾಟೆಯಲ್ಲಿ ಎದುರು ತೂಕ ಕಟ್ಟಿದೆ. 100 ವಾಟ್ ತುಳಿದರೆ ನಿಮಿಷಕ್ಕೆ 40 ಲೀಟರ್ ಚಿಲ್ಲರೆ ಉಸಿರು ತುಂಬಿ ಡ್ರಮ್ ಮೇಲೇಳುತ್ತದೆ. ಬರೀ ನೀರಾದರೆ ಕಾರ್ಬನ್ ಡೈಆಕ್ಸೈಡ್ ಕರಗಿಹೋಗುತ್ತದೆ, ಅದಕ್ಕೆ ಮೂಟೆ ಕಲ್ಲುಪ್ಪು ಸುರಿದೆ. ತುಳಿದ ವಾಟ್ ಅಳೆಯಲು ಹಿಂದಿನ ಚಕ್ರಕ್ಕೆ ಹಗ್ಗದ ಬ್ರೇಕು, ಹಗ್ಗದ ಎಳೆತ ನೋಡಲು ಎರಡು ಸ್ಪ್ರಿಂಗ್ ತಕ್ಕಡಿ.

ದುಡ್ಡು ಹೋಗಿದ್ದು ಬಿಟ್ಟ ಉಸಿರಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ತೋರಿಸುವ ಸೆನ್ಸರಿಗೆ. ಮೊದಲ ಆಕ್ಸಿಜನ್ ಸೆನ್ಸರ್ ಉಸಿರಿನ ತೇವಕ್ಕೆ ಎರಡೇ ವಾರದಲ್ಲಿ ಕೈಕೊಟ್ಟಿತು. ಆರು ಸಾವಿರ ನೀರುಪಾಲು. ಎರಡನೆಯದಕ್ಕೆ ಮುಂದೆ ತೇವ ಹೀರುವ ಸಿಲಿಕಾ ಜೆಲ್ ಬಾಟಲಿ ಇಟ್ಟೆ. ಬಾಯಿಯ ಕವಾಟ ನಾಲ್ಕು ಸಲ ಸೋರಿತು. ಐದನೆಯದು ಹೇಗೆ ಕೂತಿತು ಅನ್ನುವುದನ್ನು ಸದ್ಯಕ್ಕೆ ಹೇಳಲ್ಲ. ಒಟ್ಟು ಹದಿನೈದು ಸಾವಿರದ ಹತ್ತಿರ ಖರ್ಚು.

ಇಷ್ಟಾದರೂ ದಕ್ಷತೆ ಶೇ. 15, 16 ದಾಟುತ್ತಿರಲಿಲ್ಲ. "ನಿನ್ನ ಕಾಲೇ ಸರಿಯಿಲ್ಲ ಬಿಡು" ಅಂದರು ಗುಂಪಿನವರು. ಬಿಸಿ, ತೇವ, ಒತ್ತಡ ಬದಲಾದರೆ ಗಾಳಿಯ ಅಳತೆಯೂ ಬದಲಾಗುತ್ತದೆ. ಅದಕ್ಕೆ ಡ್ರಮ್ಮಿನ ಗಾಳಿಯನ್ನು ಒಣಗಾಳಿಗೆ, ಸೊನ್ನೆ ಡಿಗ್ರಿಗೆ, ಸಮುದ್ರಮಟ್ಟದ ಒತ್ತಡಕ್ಕೆ ಹೊಂದಿಸಿ ಲೆಕ್ಕ ಹಾಕಬೇಕಲ್ಲ, ನಾನು ಹಾಗೇ ಬಿಟ್ಟಿದ್ದೆ. ಹಾಕಿದ ಮೇಲೆ 18ಕ್ಕೆ ಬಂತು. ಆಮೇಲೆ ಒಂದು ತಿಂಗಳು ಅಲ್ಲೇ ಕೂತೆ. ಕೊನೆಗೆ ಸಿಕ್ಕ ಕಳ್ಳ ನನ್ನ ಜೇಬಲ್ಲೇ ಇದ್ದ. ಆ ಲೆಕ್ಕಕ್ಕೆ ಬೇಕಾದ ಗಾಳಿಯ ಒತ್ತಡವನ್ನು ಫೋನಿನ ಹವಾಮಾನ ಆ್ಯಪ್ ನೋಡಿ ಬರೆದುಕೊಳ್ಳುತ್ತಿದ್ದೆ. ಅದು ತೋರಿಸುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ, ಪಾದರಸದ 760 ಮಿಲಿಮೀಟರ್ ಹತ್ತಿರ. ನಮ್ಮ ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ, ಇಲ್ಲಿನ ನಿಜವಾದ ಒತ್ತಡ 690 ಚಿಲ್ಲರೆ. ಅದನ್ನು ಹಾಕಿದ್ದೇ ತಡ, ನಿಮಿಷಕ್ಕೆ ಒಂದೂವರೆ ಲೀಟರ್ ಆಕ್ಸಿಜನ್. ಒಂದು ಲೀಟರ್ ಆಕ್ಸಿಜನ್ ಬಳಸಿದರೆ ದೇಹ 20 ಕಿಲೋಜೂಲ್ ಖರ್ಚು ಮಾಡುತ್ತದೆ ಅಂತ ಹಿಡಿದರೆ ಸುಮಾರು 500 ವಾಟ್ ಖರ್ಚು, 100 ವಾಟ್ ಕೆಲಸ, ಅಂದರೆ ಶೇ. 20. ಸುಮ್ನೆ ಕೂತಾಗಲೂ ಬೇಕಾಗುವ ಕಾಲು ಲೀಟರ್ ಆಕ್ಸಿಜನ್ ಕಳೆದರೆ ಶೇ. 24 ಬರುತ್ತದೆ. ಜಂಬಕ್ಕೆ ಬೇಕಾದರೆ ಅದನ್ನೇ ಹೇಳಿಕೊಳ್ಳಬಹುದು.

ಸಲಕರಣೆ ಸರಿಹೋದ ಮೇಲೆ ಕೈ ಸುಮ್ಮನಿರುತ್ತದೆಯೇ? ಅದೇ 100 ವಾಟನ್ನು ನಿಮಿಷಕ್ಕೆ 90 ಸುತ್ತು ತುಳಿದು ನೋಡಿದೆ. ದಕ್ಷತೆ 60 ಸುತ್ತಿಗಿಂತ ಎರಡು ಪಾಯಿಂಟ್ ಕಮ್ಮಿ. ಒಂದು ಮಧ್ಯಾಹ್ನ ಎರಡು ಮುದ್ದೆ, ಬಸ್ಸಾರು ಉಂಡು ಬಂದು ಕೂತೆ. ಪೆಡಲ್ ಮುಟ್ಟುವ ಮೊದಲೇ ನಿಮಿಷದ ಆಕ್ಸಿಜನ್ ಬಳಕೆ 250ರಿಂದ 300 ಮಿಲಿಲೀಟರ್ ಹತ್ತಿರ ಏರಿತ್ತು. ಅವತ್ತಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಅಳೆಯುವುದು. ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೂ ಅಳೆಯುವ ಆಸೆಯಿದೆ, ಡ್ರಮ್ ಹೊರುವವರು ಯಾರು?

ಉಪ್ಪುನೀರಿಗೆ ಡ್ರಮ್ಮಿನ ಅಂಚು ಆಗಲೇ ತುಕ್ಕು ತಿನ್ನುತ್ತಿದೆ. ಭಾನುವಾರ ಮತ್ತೆ ಗುಜರಿಗೆ ಹೋಗಬೇಕು, ಈ ಸಲ ಪ್ಲಾಸ್ಟಿಕ್ಕಿನದು ನೋಡಲು.