ಕೆವ್ಲರ್‌ಗೆ ಕಾರ್ಬನ್ ನಾನೋಟ್ಯೂಬ್ ಬೆರೆಸಿ ನೂಲು ತೆಗೆದ ನನ್ನ ಅನುಭವ

ಅರಾಮಿಡ್ ಎಂಬ ಗಟ್ಟಿ ಕೃತಕ ನೂಲುಗಳ ಪೈಕಿ ಹೆಚ್ಚಿನವರಿಗೆ ಗೊತ್ತಿರುವುದು ಕೆವ್ಲರ್. 1965ರಲ್ಲಿ ಡುಪಾಂಟ್‌ನಲ್ಲಿ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದ ನೂಲು. ಅದೇ ತೂಕದ ಉಕ್ಕಿಗಿಂತ ಸುಮಾರು ಐದು ಪಟ್ಟು ಗಟ್ಟಿ. ಆದರೆ ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಗಟ್ಟಿಯೂ ಇರಬೇಕು, ಕರೆಂಟೂ ಹರಿಯಬೇಕು ಅನ್ನುವ ಆಸೆಯಿಂದ ನಾನು ನಾನೋಟ್ಯೂಬ್ ಹಿಡಿದೆ. ಇವು ಕಣ್ಣಿಗೆ ಕಾಣದಷ್ಟು ಸಣ್ಣ ಕಾರ್ಬನ್ ಕೊಳವೆಗಳು, ಗಟ್ಟಿಯೂ ಹೌದು, ಕರೆಂಟೂ ಹರಿಯುತ್ತದೆ.

ಕೆವ್ಲರ್ ಬಿಸಿಗೆ ಕರಗುವುದಿಲ್ಲ. 500 ಡಿಗ್ರಿ ಆಸುಪಾಸಿನಲ್ಲಿ ಕೆಟ್ಟೇ ಹೋಗುತ್ತದೆ. ಕಾರ್ಖಾನೆಗಳಲ್ಲಿ ಅದನ್ನು ಕಡು ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕರಗಿಸಿ ನೂಲು ತೆಗೆಯುತ್ತಾರೆ. ನಾನು ಬೇರೆ ದಾರಿ ಹಿಡಿದೆ. ಕತ್ತರಿಸಿದ ಕೆವ್ಲರ್ ನೂಲನ್ನು ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್) ಎಂಬ ದ್ರಾವಕಕ್ಕೆ ಹಾಕಿ, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಸೇರಿಸಿ, ಮುಚ್ಚಿ ಕಲಕಲು ಬಿಟ್ಟೆ. ಕ್ಷಾರವು ಎಳೆಗಳನ್ನು ಹಿಡಿದಿಟ್ಟ ಹೈಡ್ರೋಜನ್ ಬಂಧಗಳನ್ನು ಬಿಡಿಸುತ್ತದೆ. ನೂಲು ಬಿಚ್ಚಿ ಬಿಚ್ಚಿ ನಾನೋ ಎಳೆಗಳಾಗುತ್ತದೆ, ದ್ರವ ಕಡುಗೆಂಪಾಗುತ್ತದೆ. ಬರೀ ಕಲಕುತ್ತಾ ಇದ್ದರೆ ಇದಕ್ಕೆ ಒಂದು ವಾರ ಹಿಡಿಯಬಹುದು. ಸ್ವಲ್ಪವೇ ಸ್ವಲ್ಪ ನೀರು ಸೇರಿಸಿದರೆ ಕೆಲವೇ ಗಂಟೆಗಳಲ್ಲಿ ಆಗುತ್ತದೆ. ನೀರು ಜಾಸ್ತಿಯಾದರೆ ಮಾತ್ರ ಎಲ್ಲ ಜೆಲ್ ಆಗಿಬಿಡುತ್ತದೆ. ಡಿಎಂಎಸ್‌ಒ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ಮುಚ್ಚಳ ತೆಗೆದಿಡಬಾರದು.

ನಿಜವಾದ ಕೆಲಸ ಇರುವುದು ಟ್ಯೂಬ್‌ಗಳನ್ನು ಬಿಡಿಸುವುದರಲ್ಲಿ. ಅವು ಒಂದಕ್ಕೊಂದು ಅಂಟಿಕೊಂಡು ಕಟ್ಟುಕಟ್ಟಾಗಿರುತ್ತವೆ. ಆ ಕಟ್ಟು ನೂಲಿನೊಳಗೆ ಉಳಿದರೆ ನೂಲು ಅಲ್ಲೇ ತುಂಡಾಗುತ್ತದೆ. ಆಸಿಡ್‌ನಲ್ಲಿ ಬೇಯಿಸಿ ಬಿಡಿಸುವ ಪದ್ಧತಿ ಇದೆ. ಅದರಿಂದ ಟ್ಯೂಬ್‌ನ ಗೋಡೆ ಕೆಟ್ಟು ಕರೆಂಟ್ ಹರಿಯುವುದು ಕಡಿಮೆಯಾಗುತ್ತದೆ, ಅದಕ್ಕೇ ನನಗೆ ಅದು ಬೇಡವಾಯಿತು. ಬದಲಿಗೆ ಟ್ಯೂಬ್‌ಗಳ ಜೊತೆ ಸ್ವಲ್ಪ ಕೆಂಪು ದ್ರವ ಸೇರಿಸಿ, ಶಬ್ದದ ಅಲೆಗಳಿಂದ ಅಲುಗಿಸುವ ಸೋನಿಕೇಟರ್‌ಗೆ ಇಟ್ಟೆ. ಅರಾಮಿಡ್‌ನ ಬೆಂಜೀನ್ ಉಂಗುರಗಳು ಟ್ಯೂಬ್‌ನ ಮೈಗೆ ಅಂಟಿ ಅವನ್ನು ದೂರ ದೂರ ಇಡುತ್ತವೆ. ಬಿಸಿಯಾಗುತ್ತದೆಂದು ಐಸ್‌ನಲ್ಲಿ ಇಡಬೇಡಿ. ಡಿಎಂಎಸ್‌ಒ 18.5 ಡಿಗ್ರಿಗೇ ಗಟ್ಟಿಯಾಗುತ್ತದೆ, ತುಸು ತಣ್ಣಗಿನ ನೀರು ಸಾಕು. ತುಂಬಾ ಹೊತ್ತು ಬಿಟ್ಟರೆ ಟ್ಯೂಬ್‌ಗಳೇ ತುಂಡಾಗುತ್ತವೆ. ಆಗಾಗ ಒಂದು ಹನಿಯನ್ನು ಎರಡು ಗಾಜಿನ ನಡುವೆ ಒತ್ತಿ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಿದ್ದೆ. ಕಪ್ಪು ಚುಕ್ಕೆ ಕಾಣದಾದಾಗ ನಿಲ್ಲಿಸಿದೆ.

ಇಲ್ಲಿ ಎಚ್ಚರಿಕೆ ಬೇಕು. ಒಣ ನಾನೋಟ್ಯೂಬ್ ಪುಡಿ ಉಸಿರಿಗೆ ಹೋಗಬಾರದು, ಗಾಳಿಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್ ಒಳಗೇ ತೂಗಿ. ಡಿಎಂಎಸ್‌ಒ ಚರ್ಮದೊಳಗೆ ಸಲೀಸಾಗಿ ಇಳಿಯುತ್ತದೆ, ಜೊತೆಗೆ ಬೇರೆ ಪದಾರ್ಥವನ್ನೂ ಎಳೆದುಕೊಂಡು ಹೋಗುತ್ತದೆ. ಸರಿಯಾದ ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಟ್ಯೂಬ್ ಬಿಡಿಸಿದ ದ್ರವವನ್ನೂ ಉಳಿದ ಕೆಂಪು ದ್ರವವನ್ನೂ ಬೆರೆಸಿ, ಸೋಸಿ, ವ್ಯಾಕ್ಯೂಮ್‌ನಲ್ಲಿ ಗುಳ್ಳೆ ತೆಗೆದು, ಸಿರಿಂಜ್ ಪಂಪ್‌ನಿಂದ ನೀರಿನ ತೊಟ್ಟಿಗೆ ಬಿಟ್ಟೆ. ನೀರು ತಾಕಿದ ಕೂಡಲೇ ಹೈಡ್ರೋಜನ್ ಬಂಧಗಳು ಮತ್ತೆ ಕೂಡಿಕೊಂಡು ಶಾವಿಗೆಯಂಥ ಮೆತ್ತನೆಯ ಕಪ್ಪು ಎಳೆ ಬರುತ್ತದೆ. ಪಂಪ್ ನಿಂತರೆ ಸೂಜಿಯ ಬಾಯಲ್ಲೇ ಜೆಲ್ ಕಟ್ಟುತ್ತದೆ, ಹಾಗಾಗಿ ಹರಿವು ನಿಲ್ಲಿಸುವ ಮೊದಲು ಸೂಜಿಯನ್ನು ನೀರಿನಿಂದ ಎತ್ತುತ್ತೇನೆ.

ಬಲ ಬರುವುದು ಆಮೇಲಿನ ಎಳೆತದಲ್ಲಿ. ಒದ್ದೆಯಿದ್ದಾಗಲೇ ಮೆಲ್ಲಗೆ ಎಳೆದರೆ ನಾನೋ ಎಳೆಗಳೂ ಟ್ಯೂಬ್‌ಗಳೂ ಒಂದೇ ದಿಕ್ಕಿಗೆ ತಿರುಗುತ್ತವೆ. ಒಣಗುವಾಗಲೂ ಬಿಗಿಯಾಗಿಯೇ ಇಡಬೇಕು. ಸುಮ್ನೆ ಬಿಟ್ಟು ಒಣಗಿಸಿದ ನೂಲು ಸುರುಟಿಕೊಂಡು ಬೇಗ ತುಂಡಾಗುತ್ತದೆ. ಹೀಗೆ ಮಾಡಿದ ನೂಲು ಮೂಲ ಕೆವ್ಲರ್‌ನಷ್ಟು ಗಟ್ಟಿಯಾಗುವುದಿಲ್ಲ. ಆದರೆ ಟ್ಯೂಬ್ ಇಲ್ಲದೆ ಇದೇ ರೀತಿ ತೆಗೆದ ನೂಲಿಗಿಂತ ಗಟ್ಟಿ. ಅದೂ ಟ್ಯೂಬ್ ತೀರಾ ಕಡಿಮೆ ಇದ್ದಾಗ. ಜಾಸ್ತಿ ಹಾಕಿದಷ್ಟೂ ಕರೆಂಟ್ ಚೆನ್ನಾಗಿ ಹರಿಯುತ್ತದೆ, ನೂಲು ಮಾತ್ರ ಪೆಡಸಾಗುತ್ತಾ ಹೋಗುತ್ತದೆ. ಹಾಗಾಗಿ ಈಗ ಎರಡು ಬಗೆಯ ನೂಲು ತೆಗೆಯುತ್ತೇನೆ: ಭಾರ ಹೊರಲು ಒಂದು, ಬಿಸಿಯಾಗಲು ಮತ್ತು ಎಳೆತವನ್ನು ಅಳೆಯಲು ಇನ್ನೊಂದು. ಎರಡನೆಯದರ ತುದಿಗಳಿಗೆ ಸಿಲ್ವರ್ ಪೇಸ್ಟ್ ಹಚ್ಚಿ ಮಲ್ಟಿಮೀಟರ್ ಹಿಡಿದು ಎಳೆದರೆ, ಎಳೆದಂತೆಲ್ಲಾ ರೆಸಿಸ್ಟೆನ್ಸ್ ಏರುವುದು ಕಾಣುತ್ತದೆ.